ಫ್ಲೂ ಲಸಿಕೆಯ ನಂತರ ಭುಜ ಹಿಡಿದುಕೊಂಡರೆ ಪರಿಹಾರ ಕೇಳುವುದು ಹೇಗೆ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿಯುವ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಂಡ ಬಹುಪಾಲು ಮಂದಿಗೆ ಎರಡು ದಿನ ರಟ್ಟೆ ನೋಯುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಅಪರೂಪಕ್ಕೆ ಸೂಜಿ ಬೀಳಬೇಕಾದ ಜಾಗಕ್ಕಿಂತ ಮೇಲೆ ಬಿದ್ದು, ಭುಜದ ಕೀಲಿಗೇ ಪೆಟ್ಟಾಗಿ, ತಿಂಗಳುಗಟ್ಟಲೆ ಕೈ ಎತ್ತಲಾಗದ ಸ್ಥಿತಿ ಬರುತ್ತದೆ. ಕೆಳಗಿನ ಉತ್ತರಗಳು ಅಂಥವರಿಗೆ ಮತ್ತು ಅವರ ಮನೆಯವರಿಗೆ. ಮೊದಲೇ ಒಂದು ಮಾತು: ಇಂಥ ಪ್ರಕರಣ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಮೊದಲ ವಾರದ ವೈದ್ಯರ ಚೀಟಿಯಲ್ಲಿ ಏನು ಬರೆದಿದೆ ಎಂಬುದರ ಮೇಲೆ. ಆದ್ದರಿಂದ ಕಾನೂನಿನ ಭಾಗಕ್ಕೆ ಹಾರಬೇಡಿ, ಮೊದಲಿನಿಂದ ಓದಿ.

ಮಾಮೂಲಿ ರಟ್ಟೆ ನೋವಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಮಾಮೂಲಿ ನೋವು ಸೂಜಿ ಚುಚ್ಚಿದ ಮಾಂಸಖಂಡದಲ್ಲಿ ಇರುತ್ತದೆ, ಮುಟ್ಟಿದರೆ ನೋಯುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಭುಜದ ಗಾಯದಲ್ಲಿ ನೋವು ಕೆಲವೇ ಗಂಟೆಗಳಲ್ಲಿ, ತಪ್ಪಿದರೆ 48 ಗಂಟೆಯೊಳಗೆ ಶುರುವಾಗಿ ದಿನ ಕಳೆದಂತೆ ಏರುತ್ತದೆ. ತಲೆ ಬಾಚಲು, ರವಿಕೆಯ ಹುಕ್ಕು ಹಾಕಲು, ಅಟ್ಟದಿಂದ ಪಾತ್ರೆ ಇಳಿಸಲು ಕೈ ಏಳುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ವಾರ ಕಳೆದರೂ ಹೀಗೇ ಇದ್ದರೆ ಅದು ಮಾಮೂಲಿ ನೋವಲ್ಲ, ಮೂಳೆ ತಜ್ಞರನ್ನು ಕಾಣಬೇಕು. ವೈದ್ಯರು ಇದನ್ನು 'ಸಿರ್ವಾ' ಎನ್ನುತ್ತಾರೆ.

ಕತ್ತಿನಿಂದ ಬೆರಳಿನ ತುದಿಯವರೆಗೆ ಜೋಮು ಹಿಡಿಯುತ್ತಿದ್ದರೆ ಅದು ಕತ್ತಿನ ನರದ ತೊಂದರೆ ಇರಬಹುದು. ಜ್ವರದ ಜೊತೆ ಕೀಲು ಊದಿ ಕೆಂಪಾದರೆ ಸೋಂಕು ಇರಬಹುದು. ಎರಡನೆಯದಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಪರಿಹಾರದ ಯೋಚನೆ ಆಮೇಲೆ.

ಒಂದು ಸಣ್ಣ ಸೂಜಿಯಿಂದ ಭುಜ ಕೆಡುವುದು ಹೇಗೆ?

ಲಸಿಕೆ ಸೇರಬೇಕಾದದ್ದು ರಟ್ಟೆಯ ಡೆಲ್ಟಾಯ್ಡ್ ಸ್ನಾಯುವಿನ ನಡುಭಾಗಕ್ಕೆ. ಭುಜದ ತುದಿಯಲ್ಲಿ ಕೈಗೆ ಸಿಗುವ ಮೂಳೆಯಿಂದ ಎರಡು ಮೂರು ಬೆರಳಗಲ ಕೆಳಗೆ, ಚರ್ಮಕ್ಕೆ ನೇರವಾಗಿ 90 ಡಿಗ್ರಿಯಲ್ಲಿ ಚುಚ್ಚಬೇಕು. ಆ ಮೂಳೆಯ ಕೆಳಗೆ, ಸ್ನಾಯುವಿನ ಅಡಿಯಲ್ಲಿ ಬರ್ಸಾ ಎಂಬ ತೆಳುವಾದ ದ್ರವದ ಚೀಲ ಇದೆ. ಅದರ ಅಡಿಯಲ್ಲೇ ಕೈ ಎತ್ತುವ ಸ್ನಾಯುರಜ್ಜುಗಳು. ಸೂಜಿ ಮೇಲೆ ಬಿದ್ದರೆ 0.5 ಮಿ.ಲೀ. ಲಸಿಕೆ ಸ್ನಾಯುವಿಗೆ ಹೋಗದೆ ಬರ್ಸಾಗೆ ಸೇರುತ್ತದೆ. ದೇಹ ಲಸಿಕೆಗೆ ತೋರಬೇಕಾದ ಪ್ರತಿಕ್ರಿಯೆಯನ್ನು ಅಲ್ಲೇ, ಕೀಲಿನ ಪಕ್ಕದಲ್ಲೇ ತೋರುತ್ತದೆ. ಉರಿಯೂತ ಬಂದು, ಕೆಲವರಲ್ಲಿ ಕೀಲಿನ ಪೊರೆ ಬಿಗಿದು ಭುಜ ಹಿಡಿದುಕೊಳ್ಳುತ್ತದೆ.

ತಪ್ಪು ಆಗುವ ಬಗೆ ಸಾಮಾನ್ಯವಾಗಿ ಇಷ್ಟೇ. ಚಳಿಗೆ ಸ್ವೆಟರ್ ತೊಟ್ಟವರು ಅದನ್ನು ತೆಗೆಯದೆ ಕಾಲರ್ ಪಕ್ಕಕ್ಕೆ ಎಳೆದು ಭುಜ ತೋರಿಸುತ್ತಾರೆ. ರವಿಕೆಯ ತೋಳು ಬಿಗಿಯಾಗಿದ್ದರೂ ಹಾಗೇ. ಆಗ ಕಾಣುವುದು ಮೇಲ್ಭಾಗ ಮಾತ್ರ, ಸೂಜಿ ಅಲ್ಲಿಗೇ ಬೀಳುತ್ತದೆ. ಕುರ್ಚಿಯಲ್ಲಿ ಕುಳಿತವರಿಗೆ ನಿಂತುಕೊಂಡು ಚುಚ್ಚಿದರೂ ಕೈ ಮೇಲಕ್ಕೇ ಹೋಗುತ್ತದೆ. ಸಣಕಲು ಮೈಯ ಹಿರಿಯರಿಗೆ ಉದ್ದ ಸೂಜಿ ಬಳಸಿದರೆ ಸ್ನಾಯು ದಾಟಿ ಒಳಗೆ ಇಳಿಯುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 25 ಮಿ.ಮೀ. ಸೂಜಿ, 60 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ, ಚರ್ಮ ಬಿಗಿಯಾಗಿ ಹಿಡಿದು ಚುಚ್ಚಿದರೆ, 16 ಮಿ.ಮೀ. ಸಾಕು.

ಹಾಗಾದರೆ ಲಸಿಕೆಯಲ್ಲೇ ದೋಷವಿತ್ತೇ? ಕಂಪನಿಯ ಮೇಲೆ ಕೇಸು ಹಾಕಬಹುದೇ?

ಲಸಿಕೆ ಸರಿಯಿದೆ, ಜಾಗ ತಪ್ಪಿದೆ. ಕಂಪನಿಯನ್ನು ಎಳೆದು ತಂದರೆ ಲಸಿಕೆಯೇ ಕೆಟ್ಟದ್ದೆಂದು ಸಾಬೀತು ಮಾಡುವ ಭಾರ ನಿಮ್ಮ ಹೆಗಲಿಗೆ ಬರುತ್ತದೆ, ಅದು ಆಗುವ ಕೆಲಸವಲ್ಲ. ನಿಮ್ಮ ದೂರು ಚುಚ್ಚಿದವರ ಮೇಲೆ ಮತ್ತು ಅವರನ್ನು ಕೆಲಸಕ್ಕೆ ಇಟ್ಟುಕೊಂಡ ಕ್ಲಿನಿಕ್ ಅಥವಾ ಆಸ್ಪತ್ರೆಯ ಮೇಲೆ. ನರ್ಸ್ ಮಾಡಿದ ತಪ್ಪಿಗೆ ಆಸ್ಪತ್ರೆಯೂ ಹೊಣೆ.

ನೋವು ಶುರುವಾಗಿದೆ. ಇವತ್ತೇ ಏನು ಮಾಡಬೇಕು?

ಮೊದಲು ಚುಚ್ಚಿದ ಗುರುತಿನ ಫೋಟೊ. ಆ ಚುಕ್ಕೆ ಒಂದೆರಡು ದಿನದಲ್ಲಿ ಮಾಯವಾಗುತ್ತದೆ. ಭುಜದ ತುದಿಯ ಮೂಳೆಗೆ ದರ್ಜಿಯ ಟೇಪಿನ ಸೊನ್ನೆಯನ್ನು ಇಟ್ಟು, ಚುಕ್ಕೆಯವರೆಗಿನ ಅಳತೆ ಕಾಣುವಂತೆ ಒಂದು ಫೋಟೊ, ಮುಖವೂ ಸೇರುವಂತೆ ದೂರದಿಂದ ಇನ್ನೊಂದು. ಚುಕ್ಕೆ ಮೂಳೆಯಿಂದ ಎರಡು ಸೆಂ.ಮೀ. ಒಳಗೇ ಇದ್ದರೆ ಆ ಒಂದು ಫೋಟೊ ಮುಂದೆ ಹತ್ತು ಸಾಕ್ಷಿಗಳ ಕೆಲಸ ಮಾಡುತ್ತದೆ.

ಆಮೇಲೆ, ಲಸಿಕೆ ಹಾಕಿದ ಜಾಗಕ್ಕೇ ಹೋಗಿ ಅಥವಾ ವಾಟ್ಸ್ಆ್ಯಪ್ ಮಾಡಿ ನೋವಿನ ವಿಷಯ ತಿಳಿಸಿ. ಜಗಳ ಬೇಡ. 'ನಿನ್ನೆ ಬೆಳಿಗ್ಗೆ 11ಕ್ಕೆ ಎಡ ರಟ್ಟೆಗೆ ಫ್ಲೂ ಲಸಿಕೆ ಹಾಕಿದಿರಿ, ಸಂಜೆಯಿಂದ ಕೈ ಎತ್ತಲು ಆಗುತ್ತಿಲ್ಲ' ಎಂಬ ಒಂದು ಸಾಲು ಸಾಕು. ದಿನ ಮತ್ತು ಗಂಟೆ ದಾಖಲಾಗುವುದೇ ಮುಖ್ಯ.

ಮೂರನೆಯದು, ಎರಡು ಮೂರು ದಿನದೊಳಗೆ ಯಾವುದಾದರೂ ವೈದ್ಯರನ್ನು ಕಂಡು ಚೀಟಿಯಲ್ಲಿ ಬರೆಸುವುದು. 'ತಾನಾಗಿ ಹೋಗುತ್ತದೆ' ಎಂದು ಕಾಫಿ ಕೊಯ್ಲು ಮುಗಿಯುವವರೆಗೆ ತಡೆದುಕೊಂಡು ಮೂರು ತಿಂಗಳ ನಂತರ ಮೊದಲ ಸಲ ಹೋದವರ ಚೀಟಿಯಲ್ಲಿ 'ಭುಜ ನೋವು, ಮೂರು ತಿಂಗಳಿಂದ' ಎಂದಷ್ಟೇ ಇರುತ್ತದೆ. ಲಸಿಕೆಯ ಹೆಸರೇ ಇಲ್ಲದ ಆ ಚೀಟಿಯನ್ನು ಎದುರು ಕಡೆಯ ವಕೀಲರು ತಮ್ಮ ಸಾಕ್ಷ್ಯವಾಗಿ ಬಳಸುತ್ತಾರೆ.

ವೈದ್ಯರ ಚೀಟಿಯಲ್ಲಿ ಏನೇನು ಇರಬೇಕು?

ಯಾವ ಕೈ, ಯಾವ ದಿನ ಲಸಿಕೆ, ಎಷ್ಟು ಗಂಟೆಯ ನಂತರ ನೋವು, ಇದಕ್ಕೆ ಮುಂಚೆ ಆ ಭುಜದಲ್ಲಿ ತೊಂದರೆ ಇತ್ತೇ ಇಲ್ಲವೇ. ಇದರ ಜೊತೆಗೆ ಕೈ ಎಷ್ಟು ಡಿಗ್ರಿ ಏಳುತ್ತದೆ ಎಂಬ ಅಳತೆ: ಮುಂದಕ್ಕೆ, ಪಕ್ಕಕ್ಕೆ, ಹೊರಕ್ಕೆ ತಿರುಗಿಸಿದಾಗ. ಆರೋಗ್ಯವಂತರ ಕೈ ಮುಂದಕ್ಕೆ ಹೆಚ್ಚೂಕಡಿಮೆ 180 ಡಿಗ್ರಿ ಏಳುತ್ತದೆ. 'ಚಲನೆ ಕಡಿಮೆ' ಎಂಬ ಬರಹಕ್ಕಿಂತ '80 ಡಿಗ್ರಿ' ಎಂಬ ಬರಹಕ್ಕೆ, ನಿಮ್ಮ ದೂರು ಕೇಳುವ ಗ್ರಾಹಕರ ಆಯೋಗದಲ್ಲಿ, ತೂಕ ಹೆಚ್ಚು. ಫಿಸಿಯೋಥೆರಪಿಗೆ ಹೋದಾಗಲೂ ತಿಂಗಳಿಗೊಮ್ಮೆ ಅಳೆದು ಬರೆದುಕೊಡಲು ಕೇಳಿ.

ಎಕ್ಸ್‌ರೇಯಲ್ಲಿ ಬರ್ಸಾ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು, ಅದೂ ಆದಷ್ಟು ಬೇಗ, ಉರಿಯೂತ ಇಳಿಯುವ ಮುಂಚೆ. ಸ್ಕ್ಯಾನಿಗೆ ಮೈಸೂರು ಅಥವಾ ಮಂಗಳೂರಿಗೆ ಇಳಿದರೆ ಬಸ್ ಟಿಕೆಟ್, ಟ್ಯಾಕ್ಸಿ ಬಿಲ್ಲು ಎಲ್ಲವನ್ನೂ ಇಟ್ಟುಕೊಳ್ಳಿ. ಬಸ್ ಟಿಕೆಟಿನ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಆವತ್ತೇ ಫೋಟೊ ತೆಗೆಯಿರಿ.

ನಾಟಿ ಎಣ್ಣೆ ತಿಕ್ಕಿಸಿ, ಎಳೆಸಿದರೆ ಸರಿಹೋಗುವುದಿಲ್ಲವೇ?

ಎಣ್ಣೆ ತಿಕ್ಕುವುದರಿಂದ ಹಾನಿಯಿಲ್ಲ. ಎಳೆಸುವುದು ಬೇಡವೇ ಬೇಡ. ಉರಿಯೂತ ಇರುವ ಕೀಲನ್ನು ಬಲವಾಗಿ ಎಳೆದರೆ ಇನ್ನಷ್ಟು ಕೆಡುತ್ತದೆ. ಮುಂದೆ 'ಗಾಯ ಸೂಜಿಯಿಂದಲ್ಲ, ಎಳೆಸಿದ್ದರಿಂದ' ಎಂಬ ವಾದಕ್ಕೂ ದಾರಿಯಾಗುತ್ತದೆ.

ಭಾರತದಲ್ಲಿ ಲಸಿಕೆಯ ಹಾನಿಗೆ ಸರ್ಕಾರವೇ ಕೊಡುವ ಪರಿಹಾರ ಯೋಜನೆ ಇದೆಯೇ?

ಫ್ಲೂ ಲಸಿಕೆಯ ಭುಜದ ಗಾಯಕ್ಕೆ ಅರ್ಜಿ ಹಾಕಿ ಹಣ ಪಡೆಯುವಂಥ ಯೋಜನೆ ಇಲ್ಲಿಲ್ಲ. ಅಮೆರಿಕದಲ್ಲಿ ಇದೆ, ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಸಿಗುವ ದೊಡ್ಡ ಮೊತ್ತಗಳೆಲ್ಲ ಅಲ್ಲಿಯವು. ಇಲ್ಲಿ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಅದಕ್ಕೆ ಸುಲಭದ ದಾರಿ 2019ರ ಗ್ರಾಹಕ ರಕ್ಷಣಾ ಕಾಯ್ದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕಿಸಿಕೊಂಡಿದ್ದರೆ? ಎಸ್ಟೇಟಿನ ಕ್ಯಾಂಪಿನಲ್ಲಾದರೆ?

ಎಲ್ಲರಿಗೂ ಎಲ್ಲ ಸೇವೆಯೂ ಉಚಿತವಾಗಿರುವ ಕಡೆ ಗ್ರಾಹಕರ ಆಯೋಗಕ್ಕೆ ಹೋಗಲು ಬರುವುದಿಲ್ಲ. ಹೊರರೋಗಿ ಚೀಟಿಗೆ ಕೊಟ್ಟ ಅಲ್ಪ ಹಣ ಸೇವೆಯ ಬೆಲೆ ಎನಿಸುವುದಿಲ್ಲ. ಆಗ ಸಿವಿಲ್ ನ್ಯಾಯಾಲಯವೇ ದಾರಿ. ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಆ ಎರಡು ತಿಂಗಳನ್ನೂ ಲೆಕ್ಕ ಹಾಕಿ ವಕೀಲರನ್ನು ಬೇಗ ಕಾಣಿ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಯಾದರೆ ಉಚಿತವಾಗಿ ಪಡೆದವರೂ ಗ್ರಾಹಕರೇ.

ತೋಟದ ಮಾಲೀಕರೋ ಕಂಪನಿಯೋ ಹಣ ಕೊಟ್ಟು ಖಾಸಗಿ ಆಸ್ಪತ್ರೆಯವರಿಂದ ಕ್ಯಾಂಪ್ ಮಾಡಿಸಿದ್ದರೆ, ಸೇವೆ ಪಡೆದ ಕಾರ್ಮಿಕರೂ ಗ್ರಾಹಕರಾಗುತ್ತಾರೆ. ಹಣ ಕೊಟ್ಟವರು ಬೇರೆಯವರಾದರೂ ಅಡ್ಡಿಯಿಲ್ಲ. ಇಂಥ ಕ್ಯಾಂಪಿನಲ್ಲಿ ಒಬ್ಬೊಬ್ಬರಿಗೆ ಚೀಟಿ ಕೊಡುವುದು ಅಪರೂಪ, ಆದ್ದರಿಂದ ಹೆಸರಿನ ಪಟ್ಟಿ, ಆಸ್ಪತ್ರೆಯ ಬಿಲ್ಲಿನ ನಕಲನ್ನು ತೋಟದ ರೈಟರ್ ಹತ್ತಿರ ಕೇಳಿ ಪಡೆಯಿರಿ.

ಎಷ್ಟು ದಿನದೊಳಗೆ ದೂರು ಕೊಡಬೇಕು?

ಗ್ರಾಹಕರ ಆಯೋಗಕ್ಕಾದರೆ ಎರಡು ವರ್ಷ. ಗ್ರಾಹಕ ರಕ್ಷಣಾ ಕಾಯ್ದೆಯ 69ನೇ ಕಲಮು. ಹಾನಿ ತಡವಾಗಿ ಗೊತ್ತಾಗುವ ಪ್ರಕರಣಗಳಲ್ಲಿ ಗೊತ್ತಾದ ದಿನದಿಂದ ಎಣಿಸುವುದುಂಟು. ಆದರೆ ಇಲ್ಲಿ ನೋವು 48 ಗಂಟೆಯೊಳಗೇ ಬರುವುದರಿಂದ ಆ ವಾದ ನಿಲ್ಲುವುದು ಕಷ್ಟ. 'ಎಂಆರ್‌ಐ ಆದ ದಿನದಿಂದ ಎರಡು ವರ್ಷ' ಎಂದು ನಂಬಿ ಕೂರಬೇಡಿ. ಲಸಿಕೆ ಹಾಕಿದ ದಿನದಿಂದಲೇ ಎಣಿಸಿ. ತಡವಾದರೆ ಸಕಾರಣ ತೋರಿಸಿ ಮನ್ನಿಸಲು ಕೇಳಬಹುದು, ಆದರೆ ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು.

ಎಲ್ಲಿ ಕೊಡಬೇಕು? ಖರ್ಚೆಷ್ಟು?

ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ. ಸೇವೆಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರವಲ್ಲ, ಲಸಿಕೆಗೆ ಕೊಟ್ಟ ಹಣ. ಎರಡು ಸಾವಿರ ಕೊಟ್ಟು ಹತ್ತು ಲಕ್ಷ ಕೇಳಿದರೂ ಶುಲ್ಕ ಸೊನ್ನೆ.

ಲಸಿಕೆ ಹಾಕಿಸಿಕೊಂಡದ್ದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಆದರೂ ನೀವು ವಾಸವಿರುವುದು ಕೊಡಗಿನಲ್ಲಾದರೆ ಮಡಿಕೇರಿಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ, ಬಹಳ ಮಂದಿಗೆ ಗೊತ್ತಿಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೇಳಿಕೊಳ್ಳಬಹುದು. ಮಳೆಗಾಲದಲ್ಲಿ ರಸ್ತೆ ಕೆಟ್ಟಾಗ ಭಾಗಮಂಡಲ, ಶ್ರೀಮಂಗಲದ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ. ಏನಾದರೂ ಕೇಳಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದೂರಿನ ಹಂತಗಳೇನು?

ಮೊದಲು ದಾಖಲೆ ಕೇಳಿ ಕ್ಲಿನಿಕ್ಕಿಗೆ ಪತ್ರ: ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ಯಾವ ಕೈ, ಚುಚ್ಚಿದವರ ಹೆಸರು ಮತ್ತು ಅರ್ಹತೆ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯರ ನಡವಳಿಕೆ ನಿಯಮಗಳು ಹೇಳುತ್ತವೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ಪುರಾವೆ ಇಟ್ಟುಕೊಳ್ಳಿ. ಕೊಡದಿದ್ದರೆ ಆ ನಿರಾಕರಣೆಯೂ ನಿಮ್ಮ ಪರ ಸಾಕ್ಷ್ಯ.

ನಂತರ 15 ದಿನದ ಗಡುವಿನ ಲೀಗಲ್ ನೋಟಿಸ್. ಕಾನೂನಿನಲ್ಲಿ ಕಡ್ಡಾಯವಲ್ಲ, ಆದರೂ ಕೊಡಿ; ಅವರ ಉತ್ತರದಲ್ಲಿ ಅವರ ವಾದ ಏನೆಂಬುದು ಮೊದಲೇ ಸಿಗುತ್ತದೆ. ಆಮೇಲೆ ದೂರು, ಅಫಿಡವಿಟ್, ದಾಖಲೆಗಳ ಪಟ್ಟಿ. ಕನ್ನಡದಲ್ಲೇ ಬರೆಯಬಹುದು. ವೈದ್ಯರಿಗೆ ವೃತ್ತಿ ವಿಮೆ ಇದ್ದರೆ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ. ಎದುರುದಾರರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ, ಅದರಾಚೆ ಇಲ್ಲ.

ಫೋಟೊ, ವಾಟ್ಸ್ಆ್ಯಪ್ ಸಂದೇಶ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಇವು ಯಾವ ಫೋನಿನಿಂದ ಬಂದವು ಎಂಬ ದೃಢೀಕರಣ) ಲಗತ್ತಿಸಿ. ಅದಿಲ್ಲದೆ ಪ್ರಿಂಟ್ ಮಾತ್ರ ಕೊಟ್ಟರೆ ಎದುರು ಕಡೆ ತಕರಾರು ತೆಗೆಯುತ್ತದೆ. ಹಳೆಯ ಫೋನನ್ನು ಮಾರಬೇಡಿ. ಮೂಲ ಫೋಟೊ ಅದರಲ್ಲೇ ಇದೆ.

ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ವೈದ್ಯಕೀಯ ಪ್ರಕರಣಗಳು ಅದಕ್ಕಿಂತ ಬಹಳ ಹೆಚ್ಚು ಎಳೆಯುತ್ತವೆ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.

ಎದುರು ಕಡೆಯವರು ಏನು ವಾದಿಸುತ್ತಾರೆ?

ಮೊದಲನೆಯದು ಸಕ್ಕರೆ ಕಾಯಿಲೆ. ಮಧುಮೇಹ ಇರುವವರಿಗೆ, ಅದರಲ್ಲೂ 40ರಿಂದ 60ರ ವಯಸ್ಸಿನ ಹೆಂಗಸರಿಗೆ ಲಸಿಕೆಯಿಲ್ಲದೆಯೂ ಭುಜ ಹಿಡಿದುಕೊಳ್ಳುವುದುಂಟು. ಆ ವಾದದಲ್ಲಿ ಸತ್ಯಾಂಶ ಇದೆ. ಅದಕ್ಕೆ ಉತ್ತರ ಸಮಯ. ಮಧುಮೇಹದ ಭುಜ ನೋವು ವಾರಗಟ್ಟಲೆ ನಿಧಾನವಾಗಿ ಏರುತ್ತದೆ, ಸೂಜಿಯ ಗಾಯ ಒಂದೆರಡು ದಿನದಲ್ಲಿ ಹಠಾತ್ತನೆ, ಚುಚ್ಚಿದ ಭುಜದಲ್ಲಿ ಮಾತ್ರ ಬರುತ್ತದೆ. ನಿಮ್ಮ ಹಳೆಯ ಚೀಟಿಗಳಲ್ಲಿ ಭುಜದ ದೂರು ಇಲ್ಲವೆಂಬುದನ್ನೂ ತೋರಿಸಿ. ಇದ್ದರೆ ಮುಚ್ಚಿಡಬೇಡಿ, ಆಮೇಲೆ ಹೊರಬಂದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಎರಡನೆಯದು ದುಡಿಮೆ. 'ಮೆಣಸು ಕೊಯ್ಯಲು ಏಣಿ ಹತ್ತುತ್ತಾರೆ, ಮರಗಸಿ ಮಾಡುತ್ತಾರೆ, ಅದರಿಂದ ಸವೆದದ್ದು' ಎನ್ನುತ್ತಾರೆ. ಲಸಿಕೆಯ ಹಿಂದಿನ ವಾರದವರೆಗೆ ಪೂರ್ತಿ ಕೆಲಸ ಮಾಡಿದ್ದು, ಮರುದಿನದಿಂದ ಹಾಜರಿ ತಪ್ಪಿದ್ದು ತೋಟದ ಚೆಕ್‌ರೋಲಿನಲ್ಲಿ ಕಾಣುತ್ತದೆ. ಅದರ ಪ್ರತಿ ಇದ್ದರೆ ಈ ವಾದ ಸಡಿಲವಾಗುತ್ತದೆ.

ಮೂರನೆಯದು, 'ತಜ್ಞರ ಅಭಿಪ್ರಾಯ ಎಲ್ಲಿ?' ಪ್ರತಿ ಪ್ರಕರಣಕ್ಕೂ ತಜ್ಞ ಸಾಕ್ಷ್ಯ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ. ಆದರೂ ಮೂಳೆ ತಜ್ಞರ ಒಂದು ಪತ್ರ ಇರಲಿ. ಇನ್ನೊಬ್ಬ ವೈದ್ಯರ ತಪ್ಪೆಂದು ಬರೆಯಲು ಯಾರೂ ಮುಂದೆ ಬರುವುದಿಲ್ಲ, ಹಾಗೆ ಕೇಳಬೇಡಿ. 'ಲಸಿಕೆಯ ನಂತರ ಇಷ್ಟು ಗಂಟೆಗೆ ನೋವು, ಸ್ಕ್ಯಾನಿನಲ್ಲಿ ಬರ್ಸಾದ ಉರಿಯೂತ, ಇದು ಮೇಲೆ ಬಿದ್ದ ಇಂಜೆಕ್ಷನ್ನಿಗೆ ಹೊಂದುತ್ತದೆ' ಎಂದಷ್ಟು ಬರೆದರೆ ಸಾಕು.

ಎಷ್ಟು ಕೇಳಬಹುದು?

ನಿಗದಿತ ದರಪಟ್ಟಿ ಇಲ್ಲ. ಒಂದೊಂದು ಬಾಬ್ತನ್ನೂ ಬಿಲ್ಲಿನೊಂದಿಗೆ ಬರೆಯಿರಿ. ಉದಾಹರಣೆಗೆ ಹೀಗೆ ಎಂದುಕೊಳ್ಳಿ: ಲಸಿಕೆ 2,000, ಎಂಆರ್‌ಐ 8,000, ಫಿಸಿಯೋಥೆರಪಿ 500ರಂತೆ 30 ಸಲ 15,000, ಮೈಸೂರಿಗೆ ಆರು ಸಲದ ಪ್ರಯಾಣ 15,000, 60 ದಿನದ ಕೂಲಿ ದಿನಕ್ಕೆ 500ರಂತೆ 30,000. ಒಟ್ಟು 70,000. ಇದರ ಮೇಲೆ ನೋವು ಮತ್ತು ಯಾತನೆ, ಮುಂದಿನ ಚಿಕಿತ್ಸೆ, ಪ್ರಕರಣದ ಖರ್ಚು.

ಕೂಲಿ ನಷ್ಟದಲ್ಲಿ ಕೊಡಗಿನವರು ತಪ್ಪುವ ಒಂದು ಲೆಕ್ಕ ಇದೆ. ಕೊಯ್ಲಿನ ಸಮಯದಲ್ಲಿ ಕೆಲವು ತೋಟಗಳಲ್ಲಿ ಹಣ ಕೊಯ್ದ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಹಾಜರಿ ಪೂರ್ತಿ ಇದ್ದರೂ ಒಂದೇ ಕೈಯಲ್ಲಿ ಕೊಯ್ದು ಅರ್ಧ ತೂಕ ತಂದರೆ ಅದೂ ನಷ್ಟವೇ. ಹಿಂದಿನ ವರ್ಷದ ಅದೇ ವಾರದ ತೂಕದ ಚೀಟಿ ಪಕ್ಕದಲ್ಲಿಟ್ಟು ತೋರಿಸಿ. ಸ್ವಂತ ತೋಟದವರು ತಮ್ಮ ಬದಲು ಆಳು ಹಿಡಿದ ಖರ್ಚನ್ನು ಬರೆಯಬಹುದು. ಮನೆಗೆಲಸಕ್ಕೆ ಜನ ಇಟ್ಟ ಖರ್ಚೂ ಸೇರುತ್ತದೆ. ಅದಕ್ಕೆ ಸಹಿ ಹಾಕಿಸಿದ ರಶೀದಿ ಬೇಕು.

ಆಯೋಗ ಕೇಳಿದ್ದೆಲ್ಲ ಕೊಡುತ್ತದೆಂದು ಎಣಿಸಬೇಡಿ. ಆಧಾರವಿಲ್ಲದೆ ಐವತ್ತು ಲಕ್ಷ ಬರೆದರೆ ಬಿಲ್ಲಿರುವ ಬಾಬ್ತಿನ ಮೇಲೂ ಅನುಮಾನ ಬರುತ್ತದೆ.

ವಕೀಲರು ಬೇಕೇ ಬೇಕೇ?

ಕಡ್ಡಾಯವಲ್ಲ, ಸ್ವತಃ ವಾದಿಸಬಹುದು. ಆದರೆ ವೈದ್ಯರನ್ನು ಪಾಟೀ ಸವಾಲು ಮಾಡುವ ಹಂತ ಬಂದಾಗ ವಕೀಲರಿದ್ದರೆ ಒಳ್ಳೆಯದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ (ಯರವ, ಜೇನುಕುರುಬ ಕುಟುಂಬಗಳೂ ಇದರಲ್ಲಿ ಸೇರುತ್ತವೆ) ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಕ್ಲಿನಿಕ್ಕಿನವರು ರಾಜಿಗೆ ಕರೆದಿದ್ದಾರೆ. ಒಪ್ಪಬಹುದೇ?

ಒಪ್ಪಬಹುದು, ಅವಸರ ಬೇಡ. ಈ ಗಾಯ ಕೆಲವರಿಗೆ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ, ಅಪರೂಪಕ್ಕೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಮೊದಲ ತಿಂಗಳಲ್ಲೇ ಹತ್ತು ಸಾವಿರ ತೆಗೆದುಕೊಂಡು 'ಇನ್ನು ಯಾವ ತಕರಾರೂ ಇಲ್ಲ' ಎಂಬ ಕಾಗದಕ್ಕೆ ಸಹಿ ಹಾಕಿದರೆ ಮುಂದಿನ ದಾರಿ ಮುಚ್ಚುತ್ತದೆ. ಚಿಕಿತ್ಸೆಯ ಖರ್ಚನ್ನು ಅವರು ಆಗಾಗ ಕೊಡುತ್ತಿದ್ದರೆ ಪಡೆಯಿರಿ, ರಶೀದಿಯಲ್ಲಿ 'ಚಿಕಿತ್ಸಾ ವೆಚ್ಚದ ಭಾಗ' ಎಂದು ಬರೆಸಿ.

ಪೊಲೀಸ್, ವೈದ್ಯಕೀಯ ಪರಿಷತ್ತು?

ಪೊಲೀಸ್ ದೂರಿನಿಂದ ಪ್ರಯೋಜನ ಕಡಿಮೆ. ವೈದ್ಯರ ಮೇಲೆ ಕ್ರಿಮಿನಲ್ ಪ್ರಕರಣ ನಿಲ್ಲಲು ಘೋರ ನಿರ್ಲಕ್ಷ್ಯ ಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ಮೇಲೆ ಶಿಸ್ತು ಕ್ರಮ ಕೈಗೊಳ್ಳಬಹುದು, ಹಣ ಕೊಡಿಸುವುದಿಲ್ಲ. ಮೆಡಿಕಲ್ ಶಾಪಿನಲ್ಲೋ ನೋಂದಣಿಯಿಲ್ಲದ ಕ್ಲಿನಿಕ್ಕಿನಲ್ಲೋ ಚುಚ್ಚಿಸಿಕೊಂಡಿದ್ದರೆ ಮಾತ್ರ ಬೇರೆ: ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ನೋಂದಣಿಯಿಲ್ಲ ಎಂಬ ಉತ್ತರ ಬಂದರೆ ನಿಮ್ಮ ಪ್ರಕರಣಕ್ಕೆ ಬಹಳ ಬಲ.

ಸರ್ಕಾರಕ್ಕೆ ವರದಿ ಮಾಡಬೇಕೇ?

ಮಾಡಿ. ಔಷಧ ಮತ್ತು ಲಸಿಕೆಗಳ ಅಡ್ಡಪರಿಣಾಮಕ್ಕೆ 1800-180-3024 ಉಚಿತ ಸಂಖ್ಯೆ ಇದೆ, ರೋಗಿಗಳೇ ಕರೆ ಮಾಡಬಹುದು. ಲಸಿಕೆಯ ವಿಷಯ ನೋಡುವ ಜಿಲ್ಲಾ ಅಧಿಕಾರಿಗೂ ತಿಳಿಸಿ. ಪರಿಶೀಲನೆಯಲ್ಲಿ ಇದನ್ನು 'ಲಸಿಕೆ ನೀಡುವಾಗಿನ ತಪ್ಪು' ಎಂಬ ವರ್ಗಕ್ಕೆ ಸೇರಿಸಿದರೆ ಅದು ಆಯೋಗದ ಮುಂದೆ ಒಳ್ಳೆಯ ದಾಖಲೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಅಲ್ಲಿ ಹಾಕಿಸಿಕೊಂಡಿದ್ದರೆ?

ಆಗ ಅಲ್ಲಿಯ ಯೋಜನೆ ನಿಮಗೂ ಸಿಗುತ್ತದೆ. ಪೌರತ್ವ ಬೇಕಿಲ್ಲ, ಲಸಿಕೆ ಅಮೆರಿಕದ ನೆಲದಲ್ಲಿ ಹಾಕಿರಬೇಕು. ಅಲ್ಲಿಯ ರಾಷ್ಟ್ರೀಯ ಲಸಿಕೆ ಹಾನಿ ಪರಿಹಾರ ಯೋಜನೆಯ ಪಟ್ಟಿಗೆ ಭುಜದ ಗಾಯ 2017ರಲ್ಲಿ ಸೇರಿತು. ಷರತ್ತು ನಾಲ್ಕು: ಆ ಭುಜದಲ್ಲಿ ಮೊದಲು ತೊಂದರೆ ಇರಬಾರದು, 48 ಗಂಟೆಯೊಳಗೆ ನೋವು ಬಂದಿರಬೇಕು, ನೋವು ಮತ್ತು ಬಿಗಿತ ಆ ಭುಜಕ್ಕೆ ಸೀಮಿತವಾಗಿರಬೇಕು, ಬೇರೆ ಕಾರಣ ಇರಬಾರದು. ಇದರ ಜೊತೆ ತೊಂದರೆ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು, ಅಥವಾ ಆಸ್ಪತ್ರೆಗೆ ದಾಖಲಾಗಿ ಶಸ್ತ್ರಚಿಕಿತ್ಸೆ ಆಗಿರಬೇಕು. ಷರತ್ತು ಹೊಂದಿದರೆ ಯಾರ ನಿರ್ಲಕ್ಷ್ಯವೆಂದು ಸಾಬೀತು ಮಾಡಬೇಕಿಲ್ಲ.

ಅರ್ಜಿ ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ, ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ. ಎದುರುದಾರರು ಅಲ್ಲಿಯ ಆರೋಗ್ಯ ಇಲಾಖೆ, ಲಸಿಕೆ ಹಾಕಿದ ಔಷಧ ಅಂಗಡಿಯಲ್ಲ. ನೋವು ಮತ್ತು ಯಾತನೆಗೆ ಗರಿಷ್ಠ 2,50,000 ಡಾಲರ್. ಚಿಕಿತ್ಸೆ, ಆದಾಯ ನಷ್ಟ ಬೇರೆ. ಪ್ರಾಮಾಣಿಕವಾಗಿ, ತಕ್ಕ ಆಧಾರದ ಮೇಲೆ ಹಾಕಿದ ಅರ್ಜಿ ಸೋತರೂ ವಕೀಲರ ಶುಲ್ಕವನ್ನು ಯೋಜನೆಯೇ ಕೊಡಬಹುದು. ಊರಿಗೆ ಮರಳಿದ ಮೇಲೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಪಡೆದ ಚಿಕಿತ್ಸೆಯ ದಾಖಲೆಗಳೇ ಆರು ತಿಂಗಳಿಗೆ ಸಾಕ್ಷ್ಯ. ಊರಿಗೆ ಬಂದ ಸಂಭ್ರಮದಲ್ಲಿ ಚಿಕಿತ್ಸೆ ನಡುವೆ ಬಿಟ್ಟರೆ 'ವಾಸಿಯಾಗಿತ್ತು' ಎಂದು ಓದಿಕೊಳ್ಳುತ್ತಾರೆ.

ಅಲ್ಲಿ ಒಂದೇ ದಿನ ಫ್ಲೂ ಮತ್ತು ಕೋವಿಡ್ ಲಸಿಕೆ ಎರಡನ್ನೂ ಹಾಕುವುದುಂಟು. ಕೋವಿಡ್ ಲಸಿಕೆಗೆ ಬೇರೆ ಯೋಜನೆ, ಗಡುವು ಒಂದೇ ವರ್ಷ. ಯಾವ ಕೈಗೆ ಯಾವುದು ಎಂದು ಆವತ್ತಿನ ಚೀಟಿಯಲ್ಲೇ ಬರೆಸಿಕೊಳ್ಳಿ.

ಮುಂದಿನ ವರ್ಷ ಮತ್ತೆ ಫ್ಲೂ ಲಸಿಕೆ ಹಾಕಿಸಿಕೊಳ್ಳಬಹುದೇ?

ವೈದ್ಯರು ಬೇಡವೆನ್ನದಿದ್ದರೆ ಹಾಕಿಸಿಕೊಳ್ಳಿ, ಇನ್ನೊಂದು ರಟ್ಟೆಗೆ. ತೋಳಿಲ್ಲದ ಅಥವಾ ಸಡಿಲ ತೋಳಿನ ಬಟ್ಟೆ ತೊಟ್ಟು ಹೋಗಿ, ಸ್ವೆಟರ್ ಪೂರ್ತಿ ತೆಗೆಯಿರಿ, ಕೈಯನ್ನು ಸೊಂಟದ ಮೇಲೆ ಇಟ್ಟು ಸಡಿಲ ಬಿಡಿ. ಚುಚ್ಚುವವರನ್ನೂ ಕುಳಿತುಕೊಳ್ಳಲು ಕೇಳಿ, ಭುಜದ ಮೂಳೆಯನ್ನು ಬೆರಳಿನಿಂದ ತೋರಿಸಿ 'ಇದರಿಂದ ಮೂರು ಬೆರಳು ಕೆಳಗೆ' ಎನ್ನಿ.